ಮಳೆ ಹಿಡಿದಾಗಿನಿಂದ ಸೊಂಟದ ಸುತ್ತ ತುರಿಕೆ, ಆಯುರ್ವೇದದಲ್ಲಿ ಏನು ಮಾಡಬಹುದು?

ಏಲಕ್ಕಿಮಲೆ · ಜುಲೈ 6

ಎಲ್ಲರಿಗೂ ನಮಸ್ಕಾರ. ನಾಪೋಕ್ಲು ಕಡೆಯವಳು ನಾನು. ನಮ್ಮ ಮನೆಯವರಿಗೆ ಜೂನ್ ಎರಡನೇ ವಾರದಿಂದ ಸೊಂಟದ ಸುತ್ತ, ತೊಡೆಸಂದಿಯಲ್ಲಿ ಕೆಂಪಗೆ ಎದ್ದಿದೆ. ಮೊದಲು ಎಂಟಾಣೆ ಅಗಲ ಇತ್ತು, ಈಗ ಅಂಗೈ ಅಗಲ ಆಗಿದೆ. ಅಂಚು ಉಬ್ಬಿಕೊಂಡು ಕೆಂಪಗಿದೆ, ನಡುವೆ ತಿಳಿಯಾಗಿದೆ. ರಾತ್ರಿ ಕಂಬಳಿ ಹೊದ್ದು ಮೈ ಬೆಚ್ಚಗಾದರೆ ಸಾಕು, ಕೆರೆತ ಶುರು. ಅವರಿಗೂ ನಿದ್ದೆ ಇಲ್ಲ, ನನಗೂ ಇಲ್ಲ.

ಮೆಡಿಕಲ್ ಶಾಪಲ್ಲಿ ಹೇಳಿ ಒಂದು ಟ್ಯೂಬ್ ತಂದರು. ಹಚ್ಚಿದ ಮೂರನೇ ದಿನಕ್ಕೆ ಮಾಯ. ಬಿಟ್ಟು ಒಂದು ವಾರಕ್ಕೆ ಮೊದಲಿನ ದುಪ್ಪಟ್ಟು. ಹೀಗೇ ಮೂರು ಟ್ಯೂಬ್ ಖಾಲಿಯಾಯ್ತು. ಅತ್ತೆ ಹೇಳೋದು ರಕ್ತ ಕೆಟ್ಟಿದೆ, ಹೊರಗೆ ಹಚ್ಚಿ ಏನೂ ಪ್ರಯೋಜನ ಇಲ್ಲ, ಒಳಗಿಂದ ತೊಳೀಬೇಕು ಅಂತ. ಅರಿಶಿನ, ದೊಡ್ಡಪತ್ರೆ ಅರೆದು ಹಚ್ಚಿದ್ವಿ, ಲುಂಗಿಯೆಲ್ಲ ಹಳದಿ ಆಗಿದ್ದು ಬಿಟ್ಟರೆ ಏನೂ ಆಗಲಿಲ್ಲ. ಇನ್ನು ಆಯುರ್ವೇದವೇ ಮಾಡೋಣ ಅಂತಿದ್ದೇವೆ. ಯಾವ ಎಣ್ಣೆ, ಯಾವ ಕಷಾಯ? ತಿಳಿದವರು ಹೇಳಿ.

ರೈಟರ್ ಸಿದ್ದಾಪುರ · ಜುಲೈ 6

ಅಕ್ಕ, ಈ ಮಳೆಗೆ ಕೊಡಗಿನ ಅರ್ಧ ಗಂಡಸರು ಕೆರ್ಕೊಳ್ತಾ ಇದ್ದಾರೆ, ಬಾಯಿಬಿಟ್ಟು ಹೇಳಲ್ಲ ಅಷ್ಟೆ. ನಾನು ಎಸ್ಟೇಟಲ್ಲಿ ರೈಟರ್, ಕೂಲಿ ಲೆಕ್ಕ ಬರೆಯೋನು. ಬೆಳಗ್ಗೆ ಏಳೂವರೆಗೆ ಗಮ್‌ಬೂಟು, ಮೇಲೆ ಪ್ಲಾಸ್ಟಿಕ್ ಕೋಟು. ಹೊರಗಿಂದ ಮಳೆ ನೀರು, ಒಳಗಿಂದ ಬೆವರು. ಸಾಯಂಕಾಲ ಬಿಚ್ಚಿದರೆ ಬೆಲ್ಟಿನ ಜಾಗದಲ್ಲಿ ಚರ್ಮ ನೆನೆಸಿದ ಅಕ್ಕಿ ಥರ ಬೆಳ್ಳಗೆ. ಮತ್ತೆ ಜೀನ್ಸ್ ಪ್ಯಾಂಟು ಒಣಗೋದು ಯಾವಾಗ? ಸೋಮವಾರ ಒಗೆದಿದ್ದು ಶುಕ್ರವಾರ ಮುಟ್ಟಿದರೂ ಸೊಂಟದ ಪಟ್ಟಿ ತಣ್ಣಗೇ ಇರುತ್ತೆ. ಅದನ್ನೇ ಹಾಕ್ಕೊಂಡು ಮತ್ತೆ ತೋಟಕ್ಕೆ.

ತೋರಣಮಾವು · ಜುಲೈ 6

ಬೆಳ್ಳುಳ್ಳಿ ಅರೆದು ಹಚ್ಚಿ, ಬಟ್ಟೆ ಕಟ್ಟಿ ರಾತ್ರಿ ಬಿಡಿ. ಹುಳುಕಡ್ಡಿ ಬುಡಸಮೇತ ಹೋಗುತ್ತೆ. ನಮ್ಮಜ್ಜಿ ಮದ್ದು.

ಬಿಳಿಕೋಟು ನಿವೃತ್ತೆ · ಜುಲೈ 6

ದಯವಿಟ್ಟು ಮಾಡಬೇಡಿ. ಮೂವತ್ತು ವರ್ಷ ನರ್ಸ್ ಆಗಿದ್ದವಳು ಹೇಳ್ತಿದ್ದೇನೆ. ಹಸಿ ಬೆಳ್ಳುಳ್ಳಿ ಕಟ್ಟಿ ಮಲಗಿದ ಹುಡುಗನೊಬ್ಬ ಬೆಳಗ್ಗೆ ಬಂದಿದ್ದ, ತೊಡೆಯಲ್ಲಿ ಕುದಿಯೋ ನೀರು ಬಿದ್ದ ಹಾಗೆ ಬೊಬ್ಬೆ. ಹುಳುಕಡ್ಡಿ ಇತ್ತೋ ಇಲ್ಲವೋ, ಸುಟ್ಟ ಗಾಯವಂತೂ ಇತ್ತು. ಸಂದಿಯ ಚರ್ಮ ತೆಳು. ಅಲ್ಲಿಗೆ ಬೆಳ್ಳುಳ್ಳಿ, ಸುಣ್ಣ, ಬ್ಯಾಟರಿ ಮಸಿ (ನಗಬೇಡಿ, ಅದನ್ನೂ ನೋಡಿದ್ದೇನೆ) ಯಾವುದೂ ಬೇಡ.

ಏಲಕ್ಕಿಮಲೆ, ಆ ಟ್ಯೂಬಿನ ಮೇಲೆ ಸಣ್ಣ ಅಕ್ಷರದಲ್ಲಿ ಏನಿದೆ ನೋಡಿ ಹೇಳಮ್ಮ. ಕ್ಲೊಬೆಟಾಸಾಲ್, ಬೆಕ್ಲೊಮೆಥಾಸೋನ್, ಬೆಟಾಮೆಥಾಸೋನ್ ಅಂತ ಏನಾದರೂ ಇದೆಯಾ?

ಏಲಕ್ಕಿಮಲೆ · ಜುಲೈ 7

ಹೌದು ಅಕ್ಕ, ಕ್ಲೊಬೆಟಾಸಾಲ್ ಅಂತ ಮೊದಲನೇ ಹೆಸರೇ ಇದೆ. ಜೊತೆಗೆ ಇನ್ನೂ ಮೂರು ಹೆಸರು. ಅದು ಕೆಟ್ಟದ್ದಾ?

ಕಹಿಬೇವು · ಜುಲೈ 7

ನಾನು ಬಿ.ಎ.ಎಂ.ಎಸ್. (ಆಯುರ್ವೇದ ಪದವಿ) ಮಾಡಿ ಸೋಮವಾರಪೇಟೆ ತಾಲ್ಲೂಕಲ್ಲಿ ಪ್ರಾಕ್ಟೀಸ್ ಮಾಡೋನು. ಸ್ವಲ್ಪ ಉದ್ದ ಬರೀತೇನೆ, ಕ್ಷಮಿಸಿ.

ಅಮ್ಮಾ, ನೀವು ಹೇಳಿದ ಲಕ್ಷಣ ಓದಿದರೆ ಇದು ಹುಳುಕಡ್ಡಿ, ಅಂದರೆ ಶಿಲೀಂಧ್ರ ಸೋಂಕು ಇರಬಹುದು ಅನ್ನಿಸುತ್ತೆ. ಅನ್ನಿಸುತ್ತೆ ಅಷ್ಟೆ, ಕಣ್ಣಲ್ಲಿ ನೋಡದೆ ಹೇಳೋಕಾಗಲ್ಲ. ನಮ್ಮ ಶಾಸ್ತ್ರದಲ್ಲಿ ಇದನ್ನು ದದ್ರು ಅಂತಾರೆ. ತುರಿಕೆ, ಕೆಂಪು, ಸಣ್ಣ ಗುಳ್ಳೆ, ಉಬ್ಬಿದ ಮಂಡಲ, ಚರಕ ಕೊಟ್ಟ ಲಕ್ಷಣ ಇಷ್ಟೇ, ನಿಮ್ಮ ಮೊದಲ ಪ್ಯಾರಾದ ಹಾಗೇ ಇದೆ. ಚರಕ ಚರ್ಮದ ಕಾಯಿಲೆಗಳನ್ನು ಕುಷ್ಠ ಅನ್ನೋ ಒಂದೇ ಹೆಸರಿನ ಕೆಳಗೆ 18 ಬಗೆ ಮಾಡಿದ. 7 ದೊಡ್ಡವು, 11 ಚಿಕ್ಕವು. ದದ್ರುವನ್ನು ಚಿಕ್ಕದರಲ್ಲಿ ಇಟ್ಟ. ಸುಶ್ರುತ ಒಪ್ಪಲಿಲ್ಲ, ಅವನು ಅದನ್ನೇ ದೊಡ್ಡದರ ಪಟ್ಟಿಗೆ ಸೇರಿಸಿದ. ಇವತ್ತಿನ ಹುಳುಕಡ್ಡಿ ನೋಡಿದರೆ ನನಗೆ ಸುಶ್ರುತನೇ ಸರಿ ಅನ್ನಿಸುತ್ತೆ.

ಹದಿನೆಂಟು ಬಗೆ ಯಾಕೆ ಹೇಳಿದೆ ಅಂದರೆ, ಜನ ನನ್ನ ಹತ್ತಿರ ಬಂದು ಕೇಳೋದು “ಅಲರ್ಜಿಗೆ ಎಣ್ಣೆ ಕೊಡಿ” ಅಂತ. ಯಾವ ಅಲರ್ಜಿ? ಇಸುಬಿಗೆ ಒಳ್ಳೇದಾದ ತುಪ್ಪ ಹುಳುಕಡ್ಡಿಗೆ ಹಚ್ಚಿದರೆ ಹೆಚ್ಚಾಗುತ್ತೆ, ಅಂಟು ಕಟ್ಟಿ ಒಳಗೆ ತೇವ ನಿಲ್ಲುತ್ತೆ. ಕಜ್ಜಿಗೆ ಮನೆಯವರೆಲ್ಲ ಒಂದೇ ದಿನ ಮದ್ದು ಹಚ್ಚದಿದ್ದರೆ ಒಬ್ಬನಿಗೆ ಹಚ್ಚಿ ಉಪಯೋಗ ಇಲ್ಲ. ಪಿತ್ತದ ಗಂಧೆಗೆ ಹೊರಗೆ ಏನು ಹಚ್ಚಿದರೂ ಅಷ್ಟಕ್ಕಷ್ಟೆ. ಹೆಸರು ತಪ್ಪಿದರೆ ಮದ್ದು ತಪ್ಪಿತು, ಆಯುರ್ವೇದದಲ್ಲೂ ಇಂಗ್ಲಿಷ್ ಮದ್ದಲ್ಲೂ.

ಟ್ಯೂಬಿನ ವಿಷಯಕ್ಕೆ ಬರೋಣ. ಅದು ಗಟ್ಟಿ ಸ್ಟೀರಾಯ್ಡ್. ಕೆಂಪು, ತುರಿಕೆ ಎರಡೂ ನಮ್ಮ ಮೈ ಶಿಲೀಂಧ್ರದ ಜೊತೆ ಮಾಡೋ ಜಗಳ. ಸ್ಟೀರಾಯ್ಡ್ ನಮ್ಮ ಕಡೆಯ ಪೊಲೀಸರನ್ನು ಮಲಗಿಸುತ್ತೆ, ಗಲಾಟೆ ನಿಂತ ಹಾಗೆ ಕಾಣುತ್ತೆ, ಕಳ್ಳ ಆರಾಮಾಗಿ ಹರಡಿಕೊಳ್ತಾನೆ. ತಿಂಗಳುಗಟ್ಟಲೆ ಹಚ್ಚಿದರೆ ಸಂದಿಯ ಚರ್ಮ ತೆಳುವಾಗಿ, ಬಸುರಿಯ ಹೊಟ್ಟೆ ಮೇಲಿನ ಗೆರೆ ಥರ ಬಿರಿಯುತ್ತೆ. ಅದು ಆಮೇಲೆ ಹೋಗಲ್ಲ. 2018ರಲ್ಲೇ ಕೇಂದ್ರ ಸರ್ಕಾರ ಇಂಥ 14 ಸ್ಟೀರಾಯ್ಡ್‌ಗಳ ಮುಲಾಮನ್ನು ಡಾಕ್ಟರ್ ಚೀಟಿ ಇಲ್ಲದೆ ಮಾರಬಾರದು ಅಂತ ಮಾಡಿದೆ. ಆದರೂ ನಿಮಗೆ ಮೂರು ಸಿಕ್ಕಿತು ನೋಡಿ.

ಆ ಟ್ಯೂಬ್ ಪಕ್ಕಕ್ಕಿಡಿ. ಬಿಟ್ಟ ಮೊದಲ ವಾರ ತುರಿಕೆ ಹೆಚ್ಚಾಗುತ್ತೆ, ಹೆದರಬೇಡಿ. ಮಡಿಕೇರಿ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ಚರ್ಮದ ವಿಭಾಗಕ್ಕೆ ಹೋಗಿ. ಅಂಚಿನಿಂದ ಒಂದಿಷ್ಟು ಹೊಟ್ಟು ಕೆರೆದು ಗಾಜಿನ ಮೇಲಿಟ್ಟು ನೋಡ್ತಾರೆ, ಹತ್ತು ನಿಮಿಷದ ಕೆಲಸ. ಹಾಗೇ ಶುಗರ್ ನೋಡಿಸಿ. ಅದಾದ ಮೇಲೆ ಆಯುರ್ವೇದ ಬೇಕೋ, ಎರಡೂ ಬೇಕೋ ಮಾತಾಡೋಣ.

ತೋರಣಮಾವು · ಜುಲೈ 7

ಆಯುರ್ವೇದ ಡಾಕ್ಟ್ರೇ ಇಂಗ್ಲಿಷ್ ಆಸ್ಪತ್ರೆಗೆ ಕಳಿಸ್ತಾರೆ! ಹಾಗಾದರೆ ನಿಮ್ಮ ಶಾಸ್ತ್ರದಲ್ಲಿ ಹುಳುಕಡ್ಡಿಗೆ ಮದ್ದೇ ಇಲ್ವಾ ಸರ್?

ಕಹಿಬೇವು · ಜುಲೈ 7

ಇದೆ ಸ್ವಾಮಿ. ಮಳೆಗಾಲದಲ್ಲಿ ರಸ್ತೆ ಬದಿ ತಾನಾಗಿ ಬೆಳೆಯೋ ತಗಟೆ ಸೊಪ್ಪು ಗೊತ್ತಲ್ಲ, ಅದರ ಒಂದು ಸಂಸ್ಕೃತ ಹೆಸರೇ ದದ್ರುಘ್ನ, ಹುಳುಕಡ್ಡಿಯನ್ನು ಕೊಲ್ಲೋದು. ಇನ್ನೊಂದು ಹೆಸರು ಚಕ್ರಮರ್ದ, ಚಕ್ರವನ್ನು ತಿಕ್ಕಿ ಅಳಿಸೋದು. ಅದರ ಬೀಜವನ್ನು ಹುಳಿ ಮಜ್ಜಿಗೆಯಲ್ಲಿ ಅರೆದು ಹಚ್ಚೋದು ಹಳೇ ಪದ್ಧತಿ. ಅದರ ದಾಯಾದಿ ಸೀಮೆ ಅಗಸೆ, ಹಳದಿ ಹೂ ಮೇಣದಬತ್ತಿ ನಿಲ್ಲಿಸಿದ ಹಾಗೆ ಬಿಡುತ್ತಲ್ಲ, ಅದರ ಎಲೆ ಕೂಡ. ಹೊಂಗೆ ಎಣ್ಣೆ ಇದೆ, ಗಂಧಕ ಇದೆ, ಒಳಗೆ ಕುಡಿಯೋಕೆ ಖದಿರಾರಿಷ್ಟ, ಮಂಜಿಷ್ಠಾದಿ, ಆರಗ್ವಧಾದಿ ಕಷಾಯ ಇದೆ. ರೂಪಾಯಿ ಅಗಲದ ಹೊಸ ಹುಳುಕಡ್ಡಿಯಾಗಿದ್ದರೆ ನಾನೇ ನೋಡ್ತಿದ್ದೆ. ಮೂರು ಟ್ಯೂಬ್ ಸ್ಟೀರಾಯ್ಡ್ ಕುಡಿದ ಅಂಗೈ ಅಗಲದ್ದಕ್ಕೆ ಬೀಜ ಅರೆದು ಹಚ್ಚಿಸಿ ಎರಡು ತಿಂಗಳು ಕೂರಿಸೋದು ನನ್ನ ಮನಸ್ಸಿಗೆ ಒಪ್ಪಲ್ಲ.

ಭಾಗಮಂಡಲ ಬಾವ · ಜುಲೈ 8

ತುರಿಕೆ ಅಂದ ಕೂಡಲೇ ನೆನಪಾಯ್ತು. ಹೋದ ವರ್ಷ ಸೌದೆಗೆ ಅಂತ ಬಿದ್ದ ಮರ ಕಡಿದೆವು. ಕಡಿದ ಜಾಗದಲ್ಲಿ ಹಾಲು ಬಂತು, ನೋಡ್ತಾ ನೋಡ್ತಾ ಕಪ್ಪಾಯ್ತು. ಆಗಲೇ ಗೊತ್ತಾಗಬೇಕಿತ್ತು ಚೇರೆ ಮರ ಅಂತ. ಎರಡನೇ ದಿನ ಬೆಳಗ್ಗೆ ಎಡಗಣ್ಣು ತೆರೆಯೋಕೇ ಆಗಲಿಲ್ಲ, ಮುಖ ಕಡಂಬುಟ್ಟಿನ (ಅಕ್ಕಿ ಉಂಡೆ) ಹಾಗೆ ಊದಿತ್ತು. ಚೇರೆ ತಾಗಿದರೆ ತಾರೆ ಮರಕ್ಕೆ ಸುತ್ತು ಬರಬೇಕು ಅಂತ ಅವ್ವನ ಹಠ. ಊದಿದ ಮುಖ ಇಟ್ಕೊಂಡು, ಕೊಡೆ ಹಿಡ್ಕೊಂಡು ಮರಕ್ಕೆ ಸುತ್ತು ಬಂದೆ. ಹದಿನೈದು ದಿನಕ್ಕೆ ಇಳೀತು. ಮರದ್ದೋ ದಿನದ್ದೋ ಗೊತ್ತಿಲ್ಲ.

ಕಹಿಬೇವು · ಜುಲೈ 8

ದಿನದ್ದು ಬಾವ. ಆ ಸೊನೆಯ ದದ್ದು ಎರಡು ಮೂರು ವಾರಕ್ಕೆ ತಾನೇ ಇಳಿಯುತ್ತೆ. ಸೊನೆ ತಾಗಿದ ಕೂಡಲೇ ಸೋಪು ಹಾಕಿ ತೊಳೆಯೋದೇ ಮುಖ್ಯ, ಕತ್ತಿ ಹಿಡಿ, ಅಂಗಿ ಎಲ್ಲ ತೊಳೀಬೇಕು, ಇಲ್ಲದಿದ್ದರೆ ಮತ್ತೆ ಅದರಿಂದಲೇ ತಾಗುತ್ತೆ. ಆದರೆ ತಾರೆ ಮರವನ್ನು ಪೂರ್ತಿ ತಳ್ಳಿಹಾಕಬೇಡಿ, ತ್ರಿಫಲೆಯ ಮೂರರಲ್ಲಿ ತಾರೆಕಾಯಿ ಒಂದು. ತಣ್ಣಗಾದ ತ್ರಿಫಲಾ ಕಷಾಯದಲ್ಲಿ ಒಸರುವ ದದ್ದನ್ನು ತೊಳೆಯೋದು ನಾವೂ ಮಾಡ್ತೇವೆ.

ತಮಾಷೆ ಏನು ಗೊತ್ತಾ, ಚೇರೆಯ ನೆಂಟನೇ ಆದ ಕರಿಗೇರು ಬೀಜ (ಗೋಡಂಬಿಯ ಗೇರು ಅಲ್ಲ), ನಮ್ಮ ಭಲ್ಲಾತಕ, ಚರ್ಮರೋಗಕ್ಕೇ ಮದ್ದು. ಇಟ್ಟಿಗೆ ಪುಡಿಯಲ್ಲಿ ತಿಕ್ಕಿ ತಿಕ್ಕಿ ಎಣ್ಣೆ ಹೀರಿಸಿ ಶುದ್ಧಿ ಮಾಡಿದ ಮೇಲೆ. ಕಾನೂನಿನಲ್ಲೂ ಅದು ವಿಷದ್ರವ್ಯಗಳ ಪಟ್ಟಿಯಲ್ಲಿದೆ. ಮನೆಯಲ್ಲಿ ಯಾರೂ ಕೈ ಹಾಕಬೇಡಿ.

ರೈಟರ್ ಸಿದ್ದಾಪುರ · ಜುಲೈ 8

ಡಾಕ್ಟ್ರೇ, ರಕ್ತ ಕೆಟ್ಟರೆ ಜಿಗಣೆ ಬಿಡ್ತಾರಂತೆ. ನಮಗೆ ತೋಟದಲ್ಲಿ ದಿನಾ ಹತ್ತು ಇಂಬಳ ಬಿಟ್ಟಿಯಾಗಿ ರಕ್ತ ತೆಗೀತಾವೆ. ಲೆಕ್ಕಕ್ಕೆ ನಮ್ಮ ಚರ್ಮ ಸಿನಿಮಾ ನಟರ ಥರ ಇರಬೇಕಿತ್ತಲ್ವಾ?

ಕಹಿಬೇವು · ಜುಲೈ 8

ಸುಶ್ರುತ 12 ಜಾತಿ ಜಿಗಣೆ ಹೇಳಿ ಅದರಲ್ಲಿ 6 ವಿಷದವು, ಅವು ಬೇಡ ಅಂದಿದ್ದಾನೆ. ಚಿಕಿತ್ಸೆಗೆ ಬಿಡೋದು ನೀರಿನ ಜಿಗಣೆ, ನಮ್ಮ ಇಂಬಳ ನೆಲದ್ದು. ಅದು ಕಚ್ಚಿದಾಗ ರಕ್ತ ಹೆಪ್ಪುಗಟ್ಟದ ಹಾಗೆ ಜೊಲ್ಲು ಬಿಡುತ್ತೆ, ಆ ಜೊಲ್ಲಿಗೇ ವಾರಗಟ್ಟಲೆ ನವೆ. ಅದನ್ನು ಕೆರೆದು ಹುಣ್ಣು ಮಾಡ್ಕೊಂಡು ಬರೋರೇ ಈ ತಿಂಗಳು ಹೆಚ್ಚು. ಕಚ್ಚಿದಾಗ ಎಳೆದು ಕೀಳದೆ ಉಪ್ಪು ಮುಟ್ಟಿಸಿ, ತೊಳೆದು ಒಣಗಿಸಿ. ಉಗುರು ಕತ್ತರಿಸಿಕೊಳ್ಳಿ.

ಅಮ್ಮತ್ತಿ ಅಮ್ಮ · ಜುಲೈ 9

ನನ್ನ ಮಗಳಿಗೆ ಏಳು ವರ್ಷ. ಅವಳದ್ದು ಬೇರೆ ಥರ. ಶಾಲೆಯಿಂದ ನೆನೆದು ಬಂದು ಬಟ್ಟೆ ಬದಲಿಸುವಾಗ ತೋಳು, ಬೆನ್ನು ತುಂಬ ದಡಿಕೆ ಏಳುತ್ತೆ. ಒಂದೆರಡು ಗಂಟೆಗೆ ಇದ್ದದ್ದೇ ಗೊತ್ತಾಗದ ಹಾಗೆ ಹೋಗುತ್ತೆ, ಮಾರನೇ ದಿನ ಬೇರೆ ಕಡೆ. ನಮ್ಮ ತಾಯಿ (ಅಜ್ಜಿ) ಪಿತ್ತದ ಗಂಧೆ ಅಂತ ಕಂಬಳಿಯಲ್ಲಿ ಉಜ್ಜಿಸಿದರು. ಮಂಗಳೂರಿನ ನಾದಿನಿ ಪುನರ್ಪುಳಿ ಸಾರು ಕುಡಿಸು ಅಂತಾಳೆ. ನಮ್ಮಲ್ಲಿರೋದು ಕಾಚಂಪುಳಿ, ಅಡುಗೆಗೆ ಹಾಕೋ ಕಪ್ಪು ಹುಳಿ, ಅದು ಆಗುತ್ತಾ?

ಕಹಿಬೇವು · ಜುಲೈ 9

ಅಯ್ಯೋ ಕಾಚಂಪುಳಿ ಬೇಡಮ್ಮ, ಅದು ಹಂದಿ ಮಾಂಸದ ಪಂದಿಕರಿಗಿರಲಿ. ಮಗು ಬಾಯಿ ಸುಟ್ಕೊಳ್ಳುತ್ತೆ. ಪುನರ್ಪುಳಿಯ ತೆಳು ಸಾರು ಕೊಟ್ಟರೆ ತೊಂದರೆಯಿಲ್ಲ. ಕಂಬಳಿ ಉಜ್ಜೋದು ಮಾತ್ರ ನಿಲ್ಲಿಸಿ, ಒರಟು ತಾಗಿದಷ್ಟೂ ದಡಿಕೆ ಹೆಚ್ಚು.

ಇದನ್ನು ಶೀತಪಿತ್ತ ಅಂತಾರೆ. ತಣ್ಣನೆ ಗಾಳಿ ತಾಗಿ ಏಳುತ್ತೆ, ಕಣಜ ಕಚ್ಚಿದ ಹಾಗೆ ಊದುತ್ತೆ ಅಂತ ಮಾಧವ ನಿದಾನ ಅನ್ನೋ ಹಳೇ ಗ್ರಂಥದಲ್ಲಿದೆ, ನಿಮ್ಮ ಮಗಳದ್ದು ಅದೇ ಕಥೆ. ಹರಿದ್ರಾಖಂಡ ಕೊಡ್ತೇವೆ, ಅರಿಶಿನವನ್ನು ಹಾಲು, ತುಪ್ಪ, ಸಕ್ಕರೆಯಲ್ಲಿ ಪಾಕ ಮಾಡಿದ್ದು. ಮಕ್ಕಳು ಇಷ್ಟಪಟ್ಟು ತಿಂತಾರೆ, ಸಕ್ಕರೆ ಕಾಯಿಲೆಯವರು ಮುಟ್ಟಬಾರದು. ಅಳತೆ ನೋಡಿಯೇ ಹೇಳಬೇಕು, ಇಲ್ಲಿ ಬರೆಯಲ್ಲ. ಆದರೆ ತುಟಿ, ನಾಲಗೆ, ಕಣ್ಣಿನ ರೆಪ್ಪೆ ಊದಿದರೆ, ಧ್ವನಿ ಒಡೆದರೆ, ಉಸಿರು ಎಳೆದರೆ ಅರಿಶಿನವೂ ಬೇಡ, ನನ್ನ ಫೋನೂ ಬೇಡ. ಜೀಪು ಹತ್ತಿಸಿ ಹತ್ತಿರದ ಆಸ್ಪತ್ರೆಗೆ.

ಹಾರಂಗಿ ದಂಡೆ · ಜುಲೈ 10

ನಮ್ಮ ಕುಶಾಲನಗರ ಕಡೆ ನಿಮ್ಮ ಮಳೆ ಇಲ್ಲ, ನಮಗೆ ಕಾಂಗ್ರೆಸ್ ಗಿಡ. ಅಪ್ಪನಿಗೆ ಮುಖ, ಕುತ್ತಿಗೆ, ಮೊಣಕೈ ಮಡಿಕೆ ಎಲ್ಲ ಆನೆ ಚರ್ಮದ ಹಾಗೆ ದಪ್ಪ ಆಗಿದೆ. ಬಟ್ಟೆ ಮುಚ್ಚಿದಲ್ಲಿ ಏನೂ ಇಲ್ಲ. ಶತಧೌತ ಘೃತ ಅಂತ ಯಾರೋ ಹೇಳಿದರು, ಯಾರಾದರೂ ಮಾಡಿದ್ದೀರಾ?

ಬಿಳಿಕೋಟು ನಿವೃತ್ತೆ · ಜುಲೈ 10

ನಾನು ಮಾಡಿದ್ದೇನೆ. ನರ್ಸ್ ಆಗಿದ್ದೋಳು ಅಂತ ನನಗೆ ಇದರಲ್ಲಿ ನಂಬಿಕೆ ಇಲ್ಲ ಅಂದ್ಕೊಬೇಡಿ, ನನ್ನ ಒಡೆದ ಹಿಮ್ಮಡಿಗೆ ಇದರಷ್ಟು ಒಳ್ಳೇದು ಯಾವುದೂ ಇಲ್ಲ.

ತಾಮ್ರದ ಹರಿವಾಣದಲ್ಲಿ ಹಸುವಿನ ತುಪ್ಪ ಹಾಕಿ, ನೀರು ಹಾಕಿ, ಅಂಗೈಯಲ್ಲಿ ತಿಕ್ಕೋದು. ನೀರು ಚೆಲ್ಲೋದು, ಹೊಸ ನೀರು. ನೂರು ಸಲ. ಹೋದ ಆಗಸ್ಟಲ್ಲಿ ಕರೆಂಟ್ ಹೋಗಿ ಮೂರು ದಿನ, ಟಿ.ವಿ. ಇಲ್ಲ, ಫೋನ್ ಇಲ್ಲ. ಲೆಕ್ಕ ತಪ್ಪಬಾರದು ಅಂತ ನೂರು ಕಾಫಿಬೀಜ ಒಂದು ಬಟ್ಟಲಲ್ಲಿಟ್ಟು ಒಂದೊಂದು ತೊಳೆತಕ್ಕೆ ಒಂದೊಂದನ್ನು ಇನ್ನೊಂದು ಬಟ್ಟಲಿಗೆ ಹಾಕಿದೆ. ಇಪ್ಪತ್ತನೇ ಸಲಕ್ಕೆ ಹಳದಿ ಹೋಗಿ ಬೆಣ್ಣೆ ಥರ ಆಯ್ತು. ಐವತ್ತಕ್ಕೆ ಕೈ ಸೋತು ಯಜಮಾನರನ್ನು ಕೂರಿಸಿದೆ. ಕೊನೆಗೆ ಬೆಳ್ಳಗೆ, ಹಗುರ, ತುಪ್ಪದ ವಾಸನೆ ಎಲ್ಲಿ ಹೋಯ್ತೋ! ಹಚ್ಚಿದರೆ ತಣ್ಣಗೆ ಒಳಗಿಳಿಯುತ್ತೆ. ಯಜಮಾನರು ಮಾತ್ರ ಎಪ್ಪತ್ತಮೂರಕ್ಕೇ ಸಾಕು ಅಂತಿದ್ದರು.

ಕಹಿಬೇವು · ಜುಲೈ 10

ಅಕ್ಕ ಬರೆದದ್ದು ಓದಿ ಬಾಯಲ್ಲಿ ನೀರು ಬಂತು, ಹಚ್ಚೋ ಮದ್ದಾದರೂ. ಹಾರಂಗಿಯವರೇ, ನಿಮ್ಮ ತಂದೆಯ ಒಣ, ದಪ್ಪ ಚರ್ಮಕ್ಕೆ ಇದು ಹಿತ. ಆದರೆ ಗಿಡ ಹಿತ್ತಲಲ್ಲೇ ಇದ್ದರೆ ತುಪ್ಪವನ್ನು ಸಾವಿರ ಸಲ ತೊಳೆದರೂ ಅಷ್ಟೆ. ಗಾಳಿಯಲ್ಲಿ ಬರೋ ಪುಡಿಯೇ ಸಾಕು. ಹೂ ಬಿಡೋ ಮುಂಚೆ ಬೇರೆಯವರ ಕೈಲಿ ಕೀಳಿಸಿ, ಅಪ್ಪ ಆ ದಿನ ಅಲ್ಲಿರಬಾರದು. ಒಣಗಿದ್ದಕ್ಕೆ ಬೆಂಕಿ ಹಾಕಬೇಡಿ. ತೋಟದಿಂದ ಬಂದ ಕೂಡಲೇ ಸ್ನಾನ, ಉದ್ದ ತೋಳಿನ ಅಂಗಿ. ಇದು ವರ್ಷಗಟ್ಟಲೆ ಕಾಡುವ ಕಾಯಿಲೆ, ಚರ್ಮದ ಡಾಕ್ಟರ ಕೈಯಲ್ಲೂ ಇರಲಿ.

ಮಡಿಕೇರಿ ಮಂಜು · ಜುಲೈ 11

ಇಷ್ಟೆಲ್ಲ ಮಾತಲ್ಲಿ ಮುಖ್ಯ ವಿಷಯ ಬಂದೇ ಇಲ್ಲ. ಹಂದಿ ಮಾಂಸ ಬಿಡಿ, ಒಣಮೀನು ಬಿಡಿ, ಅರ್ಧ ತುರಿಕೆ ಹೋಗುತ್ತೆ.

ರೈಟರ್ ಸಿದ್ದಾಪುರ · ಜುಲೈ 11

ಬಂತು ನೋಡಿ. ಇದನ್ನೇ ಕಾಯ್ತಿದ್ದೆ. ಕೈಲ್ ಪೊಳ್ದ್ ಹಬ್ಬಕ್ಕೆ ಇನ್ನು ಎರಡು ತಿಂಗಳೂ ಇಲ್ಲ, ಈಗ ಪಂದಿಕರಿ ಬಿಡಿ ಅಂತಾರೆ. ಮಾಂಸವನ್ನೇ ಮುಟ್ಟದ ನನ್ನ ಪಕ್ಕದ ಮನೆ ಮೇಷ್ಟ್ರು ಮೂರು ವರ್ಷದಿಂದ ಕೆರ್ಕೊಳ್ತಿದ್ದಾರೆ, ಅವರು ಏನು ಬಿಡಬೇಕು?

ಕಹಿಬೇವು · ಜುಲೈ 11

ಇಬ್ಬರೂ ಸ್ವಲ್ಪ ಸ್ವಲ್ಪ ಸರಿ. ಕುಷ್ಠಕ್ಕೆ ಕಾರಣ ಹೇಳುವಾಗ ನಮ್ಮ ಶಾಸ್ತ್ರದಲ್ಲಿ ಆನೂಪ ಮಾಂಸ, ಅಂದರೆ ನೀರು ಹೆಚ್ಚಿರೋ ನೆಲದ ಪ್ರಾಣಿಯ ಮಾಂಸದ ಹೆಸರಿದೆ, ಹಂದಿ ಆ ಗುಂಪಿನದ್ದೇ. ಮೀನಿನ ಜೊತೆ ಹಾಲು ವಿರುದ್ಧಾಹಾರ ಅಂತಲೂ ಇದೆ. ಹಾಗೇ ಆನೂಪ ದೇಶ ಅಂದರೆ ಹೇಗಿರುತ್ತೆ ಅಂತ ಬರೆದದ್ದು ಓದಿದರೆ, ನೀರು, ದಟ್ಟ ಮರ, ತಣ್ಣನೆ ಗಾಳಿ, ನಮ್ಮ ಭಾಗಮಂಡಲವನ್ನೇ ನೋಡಿ ಬರೆದ ಹಾಗಿದೆ. ಊರನ್ನಂತೂ ಬಿಡೋಕಾಗಲ್ಲವಲ್ಲ.

ನಾನು ಪಥ್ಯ ಹೇಳೋದು ಹೀಗೆ: ಗಂಧೆ, ಇಸುಬು ಇದ್ದವರು ಏನು ತಿಂದ ದಿನ ಹೆಚ್ಚಾಯ್ತು ಅಂತ ಒಂದು ತಿಂಗಳು ಬರೆದಿಡಿ. ಏಡಿ, ಒಣಮೀನು, ಕಳಲೆ, ಮೊಟ್ಟೆ, ಯಾವುದು ನಿಮಗೆ ಆಗಲ್ಲವೋ ಅದನ್ನು ಬಿಡಿ. ಹುಳುಕಡ್ಡಿ ಮಾತ್ರ ಪಂದಿಕರಿಯಿಂದ ಬರಲ್ಲ. ಒಂದೇ ಟವೆಲಲ್ಲಿ ಮೂರು ಜನ ಒರೆಸಿಕೊಳ್ಳೋದರಿಂದ ಬರುತ್ತೆ.

ಅತ್ತೂರು ಅಣ್ಣ · ಜುಲೈ 14

ನನ್ನದೊಂದು ಹೇಳಿಬಿಡ್ತೇನೆ. ಸೋರಿಯಾಸಿಸ್‌ಗೆ ಅಂತ ಸಂತೆಯಲ್ಲಿ ಒಬ್ಬನ ಹತ್ತಿರ ಪುಡಿ ತಂದಿದ್ದೆ. ಪ್ಯಾಕೆಟ್ ಮೇಲೆ ಹೆಸರಿಲ್ಲ, ವಿಳಾಸ ಇಲ್ಲ, ಎಲ್ಲ ಗಿಡಮೂಲಿಕೆ ಅಂದ. ಎಂಟು ದಿನಕ್ಕೆ ಚರ್ಮ ಕನ್ನಡಿ. ಬಿಡೋಕೆ ಹೋದರೆ ಮೈಯೆಲ್ಲ ಮೊದಲಿಗಿಂತ ಕೆಟ್ಟದಾಗಿ ಎದ್ದಿತು, ಮುಖ ದುಂಡಗಾಗಿತ್ತು. ಮೈಸೂರಲ್ಲಿ ನೋಡಿದವರು ಪುಡಿಯಲ್ಲಿ ಸ್ಟೀರಾಯ್ಡ್ ಬೆರೆಸಿರಬಹುದು ಅಂದರು. ಈಗ ಬೆಪ್ಪಾಲೆ (ಹಾಲೆ) ಮರದ ಎಲೆ ಕೊಬ್ಬರಿ ಎಣ್ಣೆಯಲ್ಲಿ ಹಾಕಿ ಬಿಸಿಲಿಗಿಟ್ಟ ಎಣ್ಣೆ ಹಚ್ತೇನೆ, ಎಣ್ಣೆ ಜಾಮೂನು ನೇರಳೆ ಬಣ್ಣಕ್ಕೆ ತಿರುಗುತ್ತೆ ನೋಡಿ, ಚಂದ. ಹೊಟ್ಟು ಕಮ್ಮಿಯಾಗಿದೆ. ಪೂರ್ತಿ ಹೋಗಿಲ್ಲ, ಹೋಗುತ್ತೆ ಅಂತ ಯಾರೂ ಹೇಳಿಯೂ ಇಲ್ಲ.

ಕಹಿಬೇವು · ಜುಲೈ 14

ಎಂಟು ದಿನಕ್ಕೆ ಕನ್ನಡಿಯಾದರೆ ಅನುಮಾನ ಪಡಿ. ನಮ್ಮ ಮದ್ದು ಅಷ್ಟು ಚುರುಕಲ್ಲ. ಇನ್ನೊಂದು, ರಸೌಷಧಿಗಳಲ್ಲಿ ಪಾದರಸ, ತಾಮ್ರ ಇರುತ್ತೆ. ಆರೋಗ್ಯವರ್ಧಿನಿ ಅಂತ ಹೆಸರು ಚಂದ ಇದೆ ಅಂತ ಅಂಗಡಿಯಿಂದ ತಂದು ನುಂಗಬೇಡಿ. ಬಾವಂಚಿ ಎಣ್ಣೆ ಹಚ್ಚಿ ಬಿಸಿಲಿಗೆ ನಿಂತರೆ ಚರ್ಮ ಸುಡುತ್ತೆ, ತೊನ್ನಿಗೆ ಅಂತ ಕೇಳಿ ಹಚ್ಚೋರಿದ್ದಾರೆ. ಬಸುರಿ, ಬಾಣಂತಿ, ಲಿವರ್ ತೊಂದರೆ ಇದ್ದವರು ಹೇಳದೆ ಕಷಾಯ ಕುಡಿಯಬೇಡಿ.

ಏಲಕ್ಕಿಮಲೆ · ಆಗಸ್ಟ್ 17

ಎಲ್ಲರಿಗೂ ಥ್ಯಾಂಕ್ಸ್, ತಡವಾಗಿ ಬರೀತಿದ್ದೇನೆ. ಮಡಿಕೇರಿಗೆ ಹೋಗಿದ್ವಿ. ಹೊಟ್ಟು ಕೆರೆದು ನೋಡಿ ಶಿಲೀಂಧ್ರವೇ ಅಂದರು. ಶುಗರ್ ಇಲ್ಲ, ದೇವರ ದಯೆ. ಮಾತ್ರೆ, ಸ್ಟೀರಾಯ್ಡ್ ಇಲ್ಲದ ಮುಲಾಮು ಕೊಟ್ಟರು. ಅಂಚಿನಿಂದ ಎರಡು ಬೆರಳು ಆಚೆಗೂ ಹಚ್ಚಿ, ಹೋಯ್ತು ಅನ್ನಿಸಿದ ಮೇಲೂ ಎರಡು ವಾರ ಬಿಡಬೇಡಿ ಅಂದರು. ಟ್ಯೂಬ್ ಬಿಟ್ಟ ಮೊದಲ ವಾರ ನರಕ, ಡಾಕ್ಟ್ರು ಮೊದಲೇ ಹೇಳದಿದ್ದರೆ ಖಂಡಿತ ನಾಲ್ಕನೇದು ತರ್ತಿದ್ದರು. ವಿಚಿತ್ರ ಅಂದರೆ ಅತ್ತೆಯ ಹೊಟ್ಟೆ ಮೇಲೂ ಇತ್ತು, ಸೀರೆ ನೆರಿಗೆ ಸಿಕ್ಕಿಸೋ ಜಾಗದಲ್ಲಿ. ನಾಚಿಕೆಗೆ ಹೇಳಿರಲಿಲ್ಲ. ರಕ್ತ ಕೆಟ್ಟಿದ್ದು ಅಂತ ಮಗನಿಗೆ ಹೇಳ್ತಿದ್ದರಲ್ಲ! ಈಗ ಇಬ್ಬರಿಗೂ ನಡೀತಿದೆ.

ಕಷಾಯ ಬೇಕು ಅಂತ ಅತ್ತೆ ಬಿಡಲಿಲ್ಲ. ಕಹಿಬೇವು ಸರ್ ಹತ್ತಿರ ಹೋದರೆ ಮಡಿಕೇರಿ ಚೀಟಿ ನೋಡಿ, ಮಾತ್ರೆ ಮುಗಿಯೋವರೆಗೆ ಒಳಗೆ ಏನೂ ಬೇಡ, ಎರಡೂ ಒಟ್ಟಿಗೆ ಲಿವರ್ ಮೇಲೆ ಭಾರ ಆಗಬಾರದು ಅಂತ ತ್ರಿಫಲಾ ಕಷಾಯದಲ್ಲಿ ತೊಳೆದು ಒಣಗಿಸೋಕೆ ಮಾತ್ರ ಹೇಳಿದರು. ಆಗಸ್ಟ್ 3ಕ್ಕೆ ಕಕ್ಕಡ ತಿಂಗಳ ಹದಿನೆಂಟಲ್ವಾ, ಮದ್ದು ಸೊಪ್ಪಿನ ಪಾಯಸ ಎರಡು ಬಟ್ಟಲು ಕುಡಿದು “ಇದರಲ್ಲಿ ಹದಿನೆಂಟು ಮದ್ದಿದೆ, ನಿಮ್ಮ ಡಾಕ್ಟ್ರು ಇದನ್ನು ಬೇಡ ಅಂದಿಲ್ಲವಲ್ಲ” ಅಂತ ಅತ್ತೆ ಗೆದ್ದರು. ನಾನು ಕೇಳೋಕೆ ಹೋಗಲಿಲ್ಲ. ಅವರದ್ದು ಕಂದು ಬಣ್ಣಕ್ಕೆ ತಿರುಗಿದೆ, ನಮ್ಮ ಯಜಮಾನರದ್ದು ಅಂಚು ಇನ್ನೂ ಸ್ವಲ್ಪ ಇದೆ. ನಿದ್ದೆ ಬರ್ತಿದೆ.

ಈಗ ಉಳಿದ ತೊಂದರೆ ಬಟ್ಟೆ. ದಿನಾ ಒಗೆದ ಒಳಬಟ್ಟೆ ಬೇಕು ಅಂದಿದ್ದಾರೆ, ಒಣಗೋದು ಎಲ್ಲಿ? ಒಲೆ ಮೇಲೆ ಹಗ್ಗ ಕಟ್ಟಿದರೆ ಹೊಗೆ ವಾಸನೆಗೆ ಬ್ಯಾಂಕಲ್ಲಿ ಪಕ್ಕದವರು ತಿರುಗಿ ನೋಡ್ತಾರಂತೆ.

ರೈಟರ್ ಸಿದ್ದಾಪುರ · ಆಗಸ್ಟ್ 17

ಜೀನ್ಸ್ ಸೆಪ್ಟೆಂಬರ್‌ವರೆಗೆ ಬೀರುವಲ್ಲಿಡಿಸಿ ಅಕ್ಕ, ತೆಳು ಕಾಟನ್ ಪ್ಯಾಂಟು ಕೊಡಿಸಿ. ಒಳಬಟ್ಟೆಗೆ ನಮ್ಮ ಮನೇಲಿ ಮಾಡೋದು ಇದು: ಅಗಲ ಕಣ್ಣಿನ ಬಿದಿರು ಬುಟ್ಟಿ ಕವುಚಿ, ಕೆಳಗೆ ಬಾಣಲೆಯಲ್ಲಿ ಹೊಗೆ ಬಿಟ್ಟ ಕೆಂಡ, ಮೇಲೆ ಬಟ್ಟೆ. ಹೊಗೆ ಪೂರ್ತಿ ಹೋದ ಕೆಂಡ ಇರಬೇಕು, ಕಿಟಕಿ ತೆರೆದಿರಬೇಕು, ಪಕ್ಕದಲ್ಲಿ ಒಬ್ಬರು ಕೂತಿರಬೇಕು. ಹೋದ ವರ್ಷ ನಾನು ಕೂರದೆ ಎದ್ದು ಹೋಗಿ ಎರಡು ಬನಿಯನ್ ಸುಟ್ಟಿದ್ದೇನೆ. ಆಮೇಲೆ ಬಿಸಿ ಇಸ್ತ್ರಿ, ಹೊಲಿಗೆ ಇರೋ ಕಡೆ ಎರಡು ಸಲ.

ಬಿಳಿಕೋಟು ನಿವೃತ್ತೆ · ಆಗಸ್ಟ್ 17

ಅತ್ತೆಯ ಒಳಲಂಗದ ಲಾಡಿಯನ್ನೂ ಇಸ್ತ್ರಿ ಮಾಡಿ ಏಲಕ್ಕಿಮಲೆ. ಅದು ಯಾವತ್ತೂ ಒಣಗಿರಲ್ಲ.